ನೆಲಕ್ಕೆ ತಾಗದ ಕುರ್ಚಿ

ನಮ್ಮ ಊರಿನ ಕಾಲೇಜಿನಲ್ಲಿ ಕೆಲಸ ಬಿಡುವವರು ಅರ್ಜಿ ಬರೆದು ಕೊಡುವುದಿಲ್ಲ. ತಾವು ಕೂತ ಕುರ್ಚಿಯನ್ನು ತಾವೇ ಎತ್ತಿಕೊಂಡು ಹೋಗಿ ಗೇಟಿನ ಆಚೆ ಇಡುತ್ತಾರೆ. ಎತ್ತಿದ ಜಾಗದಿಂದ ಗೇಟಿನವರೆಗೆ ಕುರ್ಚಿ ಎಲ್ಲೂ ನೆಲಕ್ಕೆ ತಾಗಬಾರದು. ತಾಗಿದರೆ ರಾಜೀನಾಮೆ ಬಿದ್ದುಹೋಯಿತು. ಆ ಮನುಷ್ಯ ಅಲ್ಲಿಂದಲೇ ವಾಪಸು ಹೋಗಿ ತನ್ನ ಜಾಗದಲ್ಲಿ ಕೂರಬೇಕು, ಮತ್ತೆ ಎತ್ತುವುದಕ್ಕೆ ಮುಂದಿನ ವರ್ಷದ ಪರೀಕ್ಷೆಗಳು ಮುಗಿಯುವವರೆಗೆ ಕಾಯಬೇಕು. ಗೇಟು ದಾಟಿಸಿದವರು ಬಿಡುಗಡೆಯಾದರು. ದಾಟಿದ ಮೇಲೆ ಅದು ಬರೀ ಕುರ್ಚಿ. ಮನೆಗೆ ಒಯ್ಯಬಹುದು, ಬೇಕಾದರೆ ಸೌದೆಗೆ ಹಾಕಬಹುದು.

ಕುರ್ಚಿಗಳು ನೋಡುವುದಕ್ಕೆ ಮಾಮೂಲಿನವೇ. ಬೇವಿನ ಮರದವು, ಕೈ ಇಲ್ಲ, ಬೆನ್ನಿಗೆ ಅಡ್ಡಪಟ್ಟಿ. ಬೇರೆ ಯಾರು ಎತ್ತಿದರೂ ಒಂದು ಕೈಗೆ ಬರುತ್ತವೆ. ಅದರಲ್ಲಿ ಕೂತವರಿಗೆ ಮಾತ್ರ ಭಾರ. ಎಷ್ಟು ಹೊತ್ತು ಕೂತಿದ್ದಾರೋ ಅಷ್ಟು ಭಾರ. ಹೊಸದಾಗಿ ಸೇರಿದವರಿಗೆ ಹಿತೈಷಿಗಳು ಮೊದಲ ದಿನವೇ ಕಿವಿಯಲ್ಲಿ ಹೇಳುತ್ತಾರೆ: ಆದಷ್ಟು ನಿಂತುಕೊಂಡೇ ಇರಿ. ಹಾಗಾಗಿ ಆ ಕಾಲೇಜಿನಲ್ಲಿ ಪಾಠ ನಿಂತೇ ನಡೆಯುತ್ತದೆ, ಉತ್ತರಪತ್ರಿಕೆಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ತಿದ್ದುತ್ತಾರೆ. ಟೈಪಿಸ್ಟು ಯಂತ್ರವನ್ನು ಬೀರುವಿನ ಮೇಲೇರಿಸಿಕೊಂಡು ಕತ್ತು ಎತ್ತಿ ಟೈಪು ಮಾಡುತ್ತಾನೆ. ಪ್ರಿನ್ಸಿಪಾಲರು ಆಗಾಗ ವರಾಂಡದಲ್ಲಿ ಸುತ್ತು ಹಾಕುತ್ತಾರೆ. ಯಾರು ನಿಂತಿದ್ದಾರೋ ಅವರಿಗೆ ಬಿಟ್ಟುಹೋಗುವ ಮನಸ್ಸಿದೆ ಎಂದು ಲೆಕ್ಕ. ಅಂಥವರಿಗೆ ಕೂತು ಮಾಡುವ ಕೆಲಸ ಹೆಚ್ಚು ಬೀಳುತ್ತದೆ.

ದಾರಿ ಹುಡುಕಿದವರು ಇಲ್ಲದಿಲ್ಲ. ಒಬ್ಬ ಕನ್ನಡ ಅಧ್ಯಾಪಕರು ಕುರ್ಚಿಯ ಕಾಲುಗಳನ್ನು ಗರಗಸದಲ್ಲಿ ಕೊಯ್ದು ನೋಡಿದರು. ಕೊಯ್ದ ಒಂದು ತುಂಡೇ ಇಡೀ ಕುರ್ಚಿಯಷ್ಟು ಭಾರವಾಯಿತು. ಈಗ ಅವರು ಆ ಮೋಟು ಕುರ್ಚಿಯಲ್ಲಿ ಕೂರುತ್ತಾರೆ, ಗಲ್ಲ ಮೇಜಿನ ಮಟ್ಟಕ್ಕೆ ಬರುತ್ತದೆ. ಕುರ್ಚಿಯನ್ನು ಬಿಟ್ಟು ಬರೀ ಕೈಯಲ್ಲಿ ಹೊರಟುಹೋದವರೂ ಇದ್ದಾರೆ. ಮರುದಿನ ಬೆಳಿಗ್ಗೆ ಅವರು ಉಟ್ಟು ಮಲಗಿದ ಬಟ್ಟೆಯಲ್ಲೇ ಆ ಕುರ್ಚಿಯ ಮೇಲಿರುತ್ತಾರೆ. ನಿವೃತ್ತಿಯ ದಿನ ಕುರ್ಚಿ ತಾನಾಗಿ ಹಗುರಾಗುತ್ತದೆ ಎನ್ನುವುದು ನಿಜ. ಆ ದಿನ ಹಾರ ಹಾಕಿ, ಉಪ್ಪಿಟ್ಟು ಕೊಟ್ಟು ಕಳಿಸುತ್ತಾರೆ. ಅಲ್ಲಿಯವರೆಗೆ ಇರುವುದು ಎಲ್ಲರ ಕೈಲೂ ಆಗುವುದಿಲ್ಲ. ಹೀಗಿದ್ದೂ ಜನ ಯಾಕೆ ಸೇರುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ. ಗಿರಣಿ ಮುಚ್ಚಿದ ಮೇಲೆ ನಮ್ಮ ಊರಿನಲ್ಲಿ ತಿಂಗಳ ಸಂಬಳ ಬರುವ ಜಾಗ ಅದೊಂದೇ.

ನಾನು ಊರಿನ ದಿನಪತ್ರಿಕೆಯ ವರದಿಗಾರ. ನಾಲ್ಕು ಪುಟದ ಪತ್ರಿಕೆ. ಯಾರಾದರೂ ಕುರ್ಚಿ ಎತ್ತುವ ದಿನ ಗೇಟಿನ ಬಲಗಡೆಯ ಕಂಬದ ಪಕ್ಕ ನಿಲ್ಲುವುದು ನನ್ನ ಕೆಲಸ. ನೌಕರರು ಕಾಲೇಜಿನ ಕಾವಲುಗಾರನ ಮಾತು ನಂಬುವುದಿಲ್ಲ, ಆಡಳಿತದವರು ನೌಕರರ ಮಾತು ನಂಬುವುದಿಲ್ಲ. ಹಾಗಾಗಿ ಬಹಳ ಹಿಂದೆಯೇ ಪತ್ರಿಕೆಯವನ ಮಾತೇ ಕೊನೆ ಎಂದಾಗಿದೆ. ನನಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದವರು ನನಗೆ ಕಲಿಸಿದ್ದು ಒಂದೇ ವಿಷಯ. ಕುರ್ಚಿಯ ಕಾಲುಗಳನ್ನು ನೋಡು, ಹೊತ್ತವರ ಮುಖ ನೋಡಬೇಡ. ಮುಖ ನೋಡಿದರೆ ಕಾಲು ತಪ್ಪುತ್ತದೆ. ನಾನು ಅದನ್ನು ಪಾಲಿಸಿಕೊಂಡು ಬಂದಿದ್ದೇನೆ. ಹಾಗಾಗಿ ಕುರ್ಚಿ ದಾಟಿಸಿದವರ ಮುಖ ಆ ಗಳಿಗೆಯಲ್ಲಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ.

ಕಮಲಾಕ್ಷಿ ನಮ್ಮ ಕಚೇರಿಗೆ ಬಂದದ್ದು ಬೇಸಿಗೆಯ ಶುರುವಿನಲ್ಲಿ. ಆಕೆ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುತ್ತಿದ್ದರು. ಹಿಂದಿನ ವರ್ಷ ಒಮ್ಮೆ ಕುರ್ಚಿ ಎತ್ತಿದ್ದರು. ಮುಖ್ಯ ಕಟ್ಟಡದ ಪೋರ್ಟಿಕೋದವರೆಗೆ ಬಂದು ಇಳಿಸಿಬಿಟ್ಟಿದ್ದರು. ಆಗ ವರದಿ ಬರೆದವನು ನಾನೇ. ಈಗ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ ಉಸಿರು ಸುಧಾರಿಸಿಕೊಳ್ಳುವವರೆಗೆ ಬಾಗಿಲಲ್ಲೇ ನಿಂತಿದ್ದರು. ನಾನು ಕುರ್ಚಿ ಎಳೆದು ಕೊಟ್ಟೆ.

“ಇದರಲ್ಲಿ ಕೂತರೆ ಭಾರ ಆಗಲ್ಲ ತಾನೆ?” ಎಂದು ನಕ್ಕು ಕೂತರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದರು: “ಈ ಸಲವೂ ಎತ್ತುತ್ತೀನಿ ಸರ್. ಪರೀಕ್ಷೆ ಮುಗಿದ ಮಾರನೇ ದಿನ. ನೀವು ಬರಬೇಕು.”

ಅವರ ಪ್ರಯೋಗಶಾಲೆಯ ವಿಷಯ ನನಗೆ ಗೊತ್ತಿತ್ತು. ಆಸಿಡ್ಡಿನ ಹೊಗೆ ಹೊರಗೆ ಎಳೆಯುವ ಫ್ಯಾನನ್ನು ಬಿಚ್ಚಿ ಪ್ರಿನ್ಸಿಪಾಲರ ಕೋಣೆಗೆ ಹಾಕಿ ಎಷ್ಟೋ ಕಾಲವಾಗಿತ್ತು. ಗಾಳಿಗೆ ಬರ್ನರು ಆರುತ್ತದೆ ಎಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಅದರ ಬಗ್ಗೆ ನಾನು ಬರೆದಿದ್ದೆ. ಕ್ರಮ ಕೈಗೊಳ್ಳಲಾಗುವುದು ಎಂದು ಪ್ರಿನ್ಸಿಪಾಲರು ಹೇಳಿದ್ದನ್ನೂ ಬರೆದಿದ್ದೆ.

“ಡಾಕ್ಟ್ರು ಏನಂತಾರೆ?” ಎಂದು ಕೇಳಿದೆ.

“ಇನ್ನೊಂದು ವರ್ಷ ಆ ಹೊಗೇಲಿ ಇದ್ದರೆ ಆಮೇಲೆ ನನ್ನ ಹತ್ರ ಬರಬೇಡಿ ಅಂತಾರೆ. ಬೇಜಾರಾಗಿ ಅಂದದ್ದಲ್ಲ. ಬಂದರೂ ಪ್ರಯೋಜನ ಇಲ್ಲ ಅಂತ.” ಸೆರಗಿನಿಂದ ಬಾಯಿ ಒರೆಸಿಕೊಂಡರು. “ನಾನು ಮೊದಲೆಲ್ಲ ಕೂರ್ತಾನೇ ಇರ್ಲಿಲ್ಲ ಸರ್. ಹುಡುಗರು ನನ್ನನ್ನ ಕಂಬ ಮೇಡಂ ಅಂತಿದ್ರು. ಎದೆ ಹಿಡಿಯೋಕೆ ಶುರುವಾದ ಮೇಲೆ ಕೂರಲೇಬೇಕಾಯ್ತು. ಉಸಿರು ಹತ್ತಿದಷ್ಟೂ ಕೂರ್ತೀನಿ, ಕೂತಷ್ಟೂ ಅದು ಭಾರ ಆಗುತ್ತೆ. ಕಾಯಿಲೆ ಬೆಳೆದಂಗೆ ಅದೂ ಬೆಳೀತಿದೆ.”

“ಹಾಗಾದರೆ ಹೋದ ವರ್ಷಕ್ಕಿಂತ ಈಗ ಇನ್ನೂ ಕಷ್ಟ.”

“ಹೌದು. ಮುಂದಿನ ವರ್ಷ ಇನ್ನೂ ಕಷ್ಟ. ಅದಕ್ಕೇ ಈ ಸಲ.”

ಆಮೇಲೆ ಆಕೆ ಬಂದ ಕಾರಣ ಹೇಳಿದರು. ಕಾಲೇಜಿನಲ್ಲಿ ಇನ್ನೊಂದು ಕಟ್ಟಳೆಯಿದೆ. ನೌಕರಿಯಲ್ಲಿರುವಾಗಲೇ ಯಾರಾದರೂ ತೀರಿಕೊಂಡರೆ ಅವರ ಮಗ ಅಥವಾ ಮಗಳಿಗೆ ಅದೇ ಕೆಲಸ, ಅದೇ ಕುರ್ಚಿ. ಊರಿನವರು ಇದನ್ನು ಕಾಲೇಜಿನ ಉಪಕಾರವೆಂದೇ ಹೇಳುತ್ತಾರೆ. ಕಮಲಾಕ್ಷಿಯ ಮಗಳು ಇಂದುಮತಿ ಹಿಂದಿನ ವರ್ಷವಷ್ಟೇ ಬಿಎಸ್ಸಿ ಮುಗಿಸಿದ್ದಳು.

“ನಾನು ಆ ಕುರ್ಚೀಲಿ ಸತ್ತರೆ ಅವಳನ್ನ ತಂದು ಅದರಲ್ಲೇ ಕೂರಿಸ್ತಾರೆ. ನಮ್ಮೆಜಮಾನ್ರೇ ಕೈಹಿಡಿದು ಕರ್ಕೊಂಡು ಬರ್ತಾರೆ. ತಪ್ಪು ಅಂತ ಹೇಳಲ್ಲ. ಅವರ ಕಣ್ಣು ಹೋಗ್ತಾ ಇದೆ. ಆದರೆ ನಾನು ಆಚೆ ಇಟ್ಟುಬಿಟ್ಟರೆ ಆ ಕುರ್ಚಿ ನಮ್ಮ ಮನೆಗೆ ಮುಗೀತು. ಅದಕ್ಕೆ ಎತ್ತಬೇಕು. ಬದುಕೋದಕ್ಕೆ ಅಂತಲೇ ಅಲ್ಲ.” ಎದ್ದು ನಿಂತು ಕೊನೆಯ ಮಾತು ಹೇಳಿದರು: “ತಾಗಿದರೆ ತಾಗಿತು ಅಂತ ಬರೀರಿ, ತಾಗದಿದ್ದರೆ ತಾಗಲಿಲ್ಲ ಅಂತ. ನನ್ನ ಮೇಲೆ ಕನಿಕರಪಟ್ಟು ಆಚೀಚೆ ಮಾಡಬೇಡಿ. ಆಮೇಲೆ ಯಾರೂ ನಿಮ್ಮ ಮಾತು ನಂಬಲ್ಲ, ನನ್ನದೂ ಬಿದ್ದುಹೋಗುತ್ತೆ.”

ನಾನು ಆಗಲಿ ಎಂದೆ.

ಪರೀಕ್ಷೆಗಳು ನಡೆಯುತ್ತಿರುವಾಗ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಗಂಡ ರೇವಣ್ಣನದು ಬಸ್‌ಸ್ಟ್ಯಾಂಡಿನ ಹತ್ತಿರ ಗಡಿಯಾರ ರಿಪೇರಿಯ ಪುಟ್ಟ ಅಂಗಡಿ. ನನ್ನ ಕೈಗಡಿಯಾರ ಕೊಟ್ಟು ಬಹಳ ದಿನವಾಗಿತ್ತು. ಹಿತ್ತಲಿನಲ್ಲಿ ಕಮಲಾಕ್ಷಿ ಹಸಿ ಮರಳು ತುಂಬಿದ ಗೋಣಿಚೀಲವನ್ನು ಎದೆಗೆ ಅಪ್ಪಿಕೊಂಡು ಬಾವಿಕಟ್ಟೆಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಓಡಾಡುತ್ತಿದ್ದರು. ಇಂದುಮತಿ ಪಕ್ಕದಲ್ಲೇ ನಡೆಯುತ್ತಾ ಅಮ್ಮನ ಉಸಿರು ನೋಡುತ್ತಿದ್ದಳು.

“ಮರಳು ಯಾಕೆ, ನನ್ನನ್ನೇ ಹೊತ್ಕೊಂಡು ಪ್ರಾಕ್ಟೀಸ್ ಮಾಡು ಅಂದೆ ಸರ್,” ಎಂದು ರೇವಣ್ಣ ನನಗೆ ಹೇಳಿದ. “ಇಷ್ಟು ವರ್ಷ ಹೊತ್ತದ್ದು ಸಾಲದಾ ಅಂದ್ಲು.”

“ನಿಮ್ಮಪ್ಪನ್ನ ಸುಮ್ನಿರೋಕೆ ಹೇಳೇ,” ಎಂದರು ಕಮಲಾಕ್ಷಿ. “ನಗಿಸಿದರೆ ಚೀಲ ಬೀಳುತ್ತೆ.”

ರೇವಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಗಡಿಯಾರವನ್ನು ಮುಖದ ಹತ್ತಿರ ಹಿಡಿದ. ಚಿಮಟದಲ್ಲಿ ಹಿಡಿದ ಸಣ್ಣ ತಿರುಪು ಜಾಗಕ್ಕೆ ಕೂರಲಿಲ್ಲ. ಮತ್ತೆ ಹಿಡಿದ, ಮತ್ತೆ ಜಾರಿತು. ಇಂದುಮತಿ ಬಂದು ಮಾತಿಲ್ಲದೆ ಅವನ ಕೈಯಿಂದ ಚಿಮಟ ತಗೊಂಡು ತಿರುಪು ಕೂರಿಸಿ ಕೊಟ್ಟಳು. ಅವನು ನನ್ನ ಕಡೆ ನೋಡಲಿಲ್ಲ.

“ನಂಗೇನೂ ಲ್ಯಾಬ್ ಅಂದ್ರೆ ಭಯ ಇಲ್ಲ,” ಎಂದಳು ಅವಳು, ಯಾರಿಗೆ ಎಂದಿಲ್ಲದೆ. “ನಾನಾದ್ರೆ ಕೂರೋದೇ ಇಲ್ಲ.”

ಕಮಲಾಕ್ಷಿ ಚೀಲ ಇಳಿಸಿ ಅದರ ಮೇಲೆ ಕೈಯೂರಿದರು. “ಎಲ್ಲರೂ ಹಂಗಂದ್ಕೊಂಡೇ ಸೇರೋದು,” ಎಂದರು.

ಎತ್ತುವ ದಿನ ಬೆಳಿಗ್ಗೆಯೇ ಬಿಸಿಲು ಜೋರಾಗಿತ್ತು. ಪ್ರಯೋಗಶಾಲೆಯಿಂದ ಗೇಟಿನವರೆಗಿನ ದಾರಿ ಹೀಗಿದೆ: ವರಾಂಡ, ಪೋರ್ಟಿಕೋ, ಆಮೇಲೆ ಎರಡೂ ಕಡೆ ಕ್ರೋಟನ್ ಗಿಡ ಹಾಕಿದ ಮಣ್ಣಿನ ರಸ್ತೆ, ಕೊನೆಗೆ ಕಬ್ಬಿಣದ ಗೇಟು. ಗೇಟಿನ ಕೆಳಗೆ ಅಡ್ಡಲಾಗಿ ಒಂದು ಕಲ್ಲು ಹೂತಿದ್ದಾರೆ. ಕಲ್ಲಿನ ಆಚೆ ಹೊರಗೆ, ಈಚೆ ಒಳಗೆ. ಎತ್ತುವವರ ಮನೆಯವರು ಆಚೆ ಕಾಯಬೇಕು. ರೇವಣ್ಣ ಮತ್ತು ಇಂದುಮತಿ ಮಜ್ಜಿಗೆಯ ತಂಬಿಗೆ ಹಿಡಿದು ಬೇಲಿಯ ನೆರಳಲ್ಲಿ ನಿಂತಿದ್ದರು. ಹಿಂದೆ ನಡೆಯುತ್ತಲೇ ಪಾಠ ಮಾಡಿ ಹಗುರಾಗಿ ಕುರ್ಚಿ ದಾಟಿಸಿದ್ದ ಇತಿಹಾಸದ ಮೇಷ್ಟರೊಬ್ಬರು ಈಗ ರಸ್ತೆಯ ಆ ಬದಿಯಲ್ಲಿ ಅದೇ ಕುರ್ಚಿ ಹಾಕಿಕೊಂಡು ಸೋಡಾ ಮಾರುತ್ತಾರೆ. ಅವರೂ ಎದ್ದು ನಿಂತಿದ್ದರು. ಒಳಗೆ ವರಾಂಡದ ಉದ್ದಕ್ಕೂ ಸಿಬ್ಬಂದಿ. ಎತ್ತಿದವರ ಜೊತೆ ಸಿಬ್ಬಂದಿ ಮಾತಾಡುವಂತಿಲ್ಲ. ಪ್ರಿನ್ಸಿಪಾಲರು ಮಾತ್ರ ಆಡಬಹುದು.

ಪ್ರಿನ್ಸಿಪಾಲ್ ಶ್ರೀಕಂಠಪ್ಪನವರು ಕೊಡೆ ಹಿಡಿದು ರಸ್ತೆಯ ಅಂಚಿನಲ್ಲಿ, ಕುರ್ಚಿ ಹೊತ್ತ ಕಮಲಾಕ್ಷಿಯ ಜೊತೆ ಜೊತೆಗೇ ನಡೆದು ಬಂದರು. ಅವರು ಗದರುವ ಮನುಷ್ಯನಲ್ಲ. ಯಾರು ಎತ್ತಿದರೂ ಹೀಗೇ ಪಕ್ಕದಲ್ಲಿ ನಡೆಯುತ್ತಾರೆ.

“ಕಮಲಾಕ್ಷಿಯವರೇ, ಸುಸ್ತಾದರೆ ಇಳಿಸಿಬಿಡಿ. ಅದರಲ್ಲಿ ಅವಮಾನ ಏನಿಲ್ಲ,” ಎನ್ನುತ್ತಿದ್ದರು. “ಒಂದು ಲೋಟ ನೀರು ಕುಡೀರಿ. ನಿಮ್ಮ ಆರೋಗ್ಯ ಮುಖ್ಯ ಅಲ್ವಾ? ಫ್ಯಾನಿನ ವಿಷಯ ನಾನು ಮರೆತಿಲ್ಲ.”

ಕಮಲಾಕ್ಷಿ ನಡೆಯುತ್ತಲೇ ಇದ್ದರು. ಉಸಿರಿನ ಸದ್ದು ನನಗೆ ಕಂಬದ ಹತ್ತಿರಕ್ಕೂ ಕೇಳುತ್ತಿತ್ತು. ನಾನು ಕುರ್ಚಿಯ ಕಾಲುಗಳನ್ನು ನೋಡುತ್ತಿದ್ದೆ. ಕುರ್ಚಿಯ ಬೆನ್ನನ್ನು ತಮ್ಮ ಎದೆಗೆ ಒತ್ತಿಕೊಂಡು, ಎರಡೂ ಕೈಯಿಂದ ಕೂರುವ ಹಲಗೆಯನ್ನು ಬಳಸಿ ಹಿಡಿದಿದ್ದರು. ಕಾಲುಗಳು ಅವರ ಮಂಡಿಯ ಮುಂದೆ ತೂಗುತ್ತಿದ್ದವು. ಪೋರ್ಟಿಕೋ ದಾಟುವಾಗ ಮಂಡಿಯ ಎತ್ತರಕ್ಕೆ ಇದ್ದವು. ಕ್ರೋಟನ್ ಗಿಡಗಳ ಸಾಲು ಮುಗಿಯುವ ಹೊತ್ತಿಗೆ ಮೀನಖಂಡಕ್ಕೆ ಇಳಿದಿದ್ದವು. ಅಲ್ಲಿಂದ ಮುಂದೆ ಅವರ ಪಾದದ ಮೇಲೆಯೇ ಬಡಿಯುತ್ತಿದ್ದವು. ಎಡಗಾಲಿನ ಹೆಬ್ಬೆರಳು ಒಡೆದು ರಕ್ತ ಬಂದಿತ್ತು. ನೆಲಕ್ಕೆ ತಾಗಿರಲಿಲ್ಲ.

ಗೇಟಿನ ಕಲ್ಲಿಗೆ ಇನ್ನೇನು ಹತ್ತಿರವಿರುವಾಗ ಪಾದಗಳು ನಿಂತವು. ಕುರ್ಚಿಯ ಕಾಲುಗಳು ನಡುಗುವುದನ್ನು ನೋಡಿದೆ. ನಾನು ಕಂಡದ್ದನ್ನು ಕಂಡ ಹಾಗೇ ಹೇಳಬೇಕು. ಎದೆಯ ಮೇಲೆ ಭಾರ ಹಿಡಿದವರು ಬಿದ್ದರೆ ಮುಂದಕ್ಕೆ ಬೀಳುತ್ತಾರೆ. ಇಷ್ಟು ವರ್ಷದಲ್ಲಿ ಬಿದ್ದವರೆಲ್ಲ ಹಾಗೇ ಬಿದ್ದದ್ದು. ಕಮಲಾಕ್ಷಿ ಹಿಮ್ಮಡಿಯನ್ನು ಒಮ್ಮೆ ನೆಲಕ್ಕೆ ಒತ್ತಿದರು. ಆಮೇಲೆ ಹಿಂದಕ್ಕೆ ಬಿದ್ದರು, ಅಂಗಾತ. ಕುರ್ಚಿ ಅವರ ಮೇಲೆಯೇ ಬಂತು.

ನಾನು ಹೋಗಿ ಮಂಡಿಯೂರಿದೆ. ಕುರ್ಚಿಯ ಬೆನ್ನು ಅವರ ಎದೆಯ ಮೇಲಿತ್ತು, ಹಲಗೆ ಹೊಟ್ಟೆಯ ಮೇಲೆ. ಮೂರು ಕಾಲು ಅವರ ತೊಡೆಗಳ ಮೇಲ್ಗಡೆ ಚಾಚಿದ್ದವು. ಕುರ್ಚಿ ಪಕ್ಕಕ್ಕೆ ವಾಲಿ, ಒಂದು ಕಾಲು ಮಣ್ಣಿನ ತೀರ ಹತ್ತಿರಕ್ಕೆ ಬಂದು ನಿಂತಿತ್ತು. ನಾನು ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡಿದೆ. ಕಾಲಿಗೂ ನೆಲಕ್ಕೂ ನಡುವೆ ಬೆಳಕು ಕಾಣುತ್ತಿತ್ತು. ಒಂದು ಇರುವೆ ಅದರ ಅಡಿಯಿಂದ ಆಚೆ ಹೋಯಿತು. ಕುರ್ಚಿಯನ್ನು ಬಳಸಿದ ಅವರ ಕೈಗಳು ಬಿಟ್ಟಿರಲಿಲ್ಲ.

ಸಸ್ಯಶಾಸ್ತ್ರದ ಮೇಡಂ ಒಬ್ಬರು ಓಡಿಬಂದು ನಾಡಿ ಹಿಡಿದು ನೋಡಿದರು. ಕತ್ತಿನ ಹತ್ತಿರ ಕೈಯಿಟ್ಟು ನೋಡಿದರು. ಆಮೇಲೆ ಕೈ ತೆಗೆದು ತಮ್ಮ ಸೆರಗಿನಿಂದ ಕಮಲಾಕ್ಷಿಯ ಮುಖ ಒರೆಸಿದರು. ಹಾಗಾಗಿ ನಾನು ಮುಖ ನೋಡುವ ಮೊದಲೇ ಅದು ಬೇರೆಯವರು ಸರಿಮಾಡಿದ ಮುಖವಾಗಿತ್ತು.

ಅಟೆಂಡರ್ ಮೌಲಾಲಿ ಬಂದು ಬೆರಳುಗಳನ್ನು ಬಿಡಿಸಿ ಕುರ್ಚಿಯನ್ನು ಎತ್ತಿದ. ಒಂದೇ ಕೈಯಲ್ಲಿ ಎತ್ತಿದ. ಎತ್ತಿದವನು ಹಾಗೇ ನಿಂತ.

“ಇಳಿಸಪ್ಪ ಮೌಲಾಲಿ,” ಎಂದರು ಶ್ರೀಕಂಠಪ್ಪ.

“ಎಲ್ಲಿ ಇಳಿಸ್ಲಿ ಸಾರ್?”

“ಅಲ್ಲೇ ಎಲ್ಲಾದರೂ.”

“ಇಲ್ಲಿ ಇಳಿಸಿದ್ರೆ ತಾಗಿದಂಗಾಯ್ತದೆ. ಆಚೆ ಇಳಿಸಿದ್ರೆ ದಾಟಿದಂಗಾಯ್ತದೆ. ಮೇಡಂದು ತೀರ್ಮಾನ ಮಾಡೋಕೆ ನಾನ್ಯಾರು ಸಾರ್?”

ಕಮಲಾಕ್ಷಿಯನ್ನು ನಾಲ್ಕು ಜನ ಎತ್ತಿ ಪೋರ್ಟಿಕೋದ ನೆರಳಿಗೆ ಒಯ್ದು ಬೆಂಚಿನ ಮೇಲೆ ಮಲಗಿಸಿದರು. ಕುರ್ಚಿ ಗೇಟಿನ ಹತ್ತಿರವೇ ಮೌಲಾಲಿಯ ಕೈಯಲ್ಲಿ ಉಳಿಯಿತು. ಅವನ ಕೈ ಸೋತಾಗ ಟೈಪಿಸ್ಟು ತೆಗೆದುಕೊಂಡ. ಆಮೇಲೆ ಮೋಟು ಕುರ್ಚಿಯ ಕನ್ನಡ ಅಧ್ಯಾಪಕರು ತೆಗೆದುಕೊಂಡರು. ಹೀಗೆ ಒಬ್ಬರಿಂದ ಒಬ್ಬರಿಗೆ ಅದು ಹೋಗುತ್ತಿತ್ತು. ಹಿಡಿದವರೆಲ್ಲ ಒಮ್ಮೆ ಅದನ್ನು ಮೇಲೆ ಕೆಳಗೆ ಆಡಿಸಿ ತೂಕ ನೋಡಿ ಮುಂದಿನವರಿಗೆ ಕೊಡುತ್ತಿದ್ದರು.

ರೇವಣ್ಣನನ್ನು ಒಳಗೆ ಬಿಟ್ಟರು. ಅವನು ಹೆಂಡತಿಯ ಹತ್ತಿರ ಕೂತು ಬಂದ. ಕಣ್ಣೀರು ಒರೆಸಿಕೊಂಡಿರಲಿಲ್ಲ. ನನ್ನನ್ನು ಕಂಬದ ಹಿಂದಕ್ಕೆ ಕರೆದುಕೊಂಡು ಹೋಗಿ ತೋಳು ಹಿಡಿದ.

“ತಾಗಿತು ಅಂದ್ಬಿಡಣ್ಣ,” ಎಂದ. ಅಲ್ಲಿಯವರೆಗೆ ಅವನು ನನ್ನನ್ನು ಸರ್ ಎನ್ನುತ್ತಿದ್ದ. “ತಾಗಿತು ಅಂದ್ರೆ ಅವಳು ನೌಕರೀಲಿದ್ದಾಗ ಹೋದಂಗೆ. ಇಂದೂಗೆ ಕೆಲಸ ಸಿಗುತ್ತೆ. ಇಲ್ಲಾಂದ್ರೆ ಅವಳೂ ಇಲ್ಲ, ಕೆಲಸವೂ ಇಲ್ಲ. ನನ್ನ ಕಣ್ಣು ನಿಂಗೆ ಗೊತ್ತಲ್ಲ.”

“ತಾಗಲಿಲ್ಲ ರೇವಣ್ಣ.”

“ಗೊತ್ತು. ನಾನೂ ನೋಡ್ದೆ. ನನ್ನ ಕಣ್ಣಿಗೇ ಕಾಣ್ತು. ಆದ್ರೆ ನಿನ್ನ ಮಾತು ತಾನೆ ನಡಿಯೋದು.”

“ಅವರು ಹೇಳಿದ್ದರು, ಆಚೀಚೆ ಮಾಡಬೇಡಿ ಅಂತ.”

“ಅವಳು ಹೇಳಿದ್ದು ಬದುಕಿದ್ದಾಗ.” ತೋಳು ಬಿಟ್ಟ. “ನಿನಗೇನು, ಬರ್ಕೊಂಡು ಹೋಗ್ತೀಯ.”

ಶ್ರೀಕಂಠಪ್ಪನವರು ಎಲ್ಲರ ಎದುರಿಗೆ ನನ್ನನ್ನು ಕೇಳಿದರು. ಕೇಳುವ ಮೊದಲು ಅವರೂ ನನ್ನನ್ನು ಪಕ್ಕಕ್ಕೆ ಕರೆದು ಎರಡು ಮಾತು ಆಡಿದ್ದರು. ಆ ಪ್ರಯೋಗಶಾಲೆಯ ಕೆಲಸಕ್ಕೆ ಹೊರಗಿನಿಂದ ಯಾರೂ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. “ನೋಡಿ, ಬಡ ಕುಟುಂಬ. ತಾಗಿದೆ ಅಂತಾದರೆ ಸಂಸ್ಥೆ ಅವರ ಕೈ ಬಿಡಲ್ಲ,” ಎಂದಿದ್ದರು. ಹಾಗೆ ನೋಡಿದರೆ ಅಲ್ಲಿದ್ದ ಎಲ್ಲರಿಗೂ ಬೇಕಾದ ಉತ್ತರ ಒಂದೇ ಆಗಿತ್ತು. ಬೇಡವಾಗಿದ್ದ ಒಬ್ಬರು ಬೆಂಚಿನ ಮೇಲೆ ಮಲಗಿದ್ದರು.

“ಕುರ್ಚಿ ನೆಲಕ್ಕೆ ತಾಗಿತೇ?”

“ತಾಗಲಿಲ್ಲ,” ಎಂದೆ.

ವರಾಂಡದಲ್ಲಿ ಗುಜುಗುಜು ಎದ್ದು ಇಳಿಯಿತು. ಶ್ರೀಕಂಠಪ್ಪ ಕೊಡೆಯನ್ನು ಮಡಚಿದರು. ಮಡಚುವಷ್ಟು ಹೊತ್ತು ಯೋಚಿಸಿದರು ಅಂತ ಕಾಣುತ್ತದೆ.

“ಒಳ್ಳೆಯದು. ತಾಗಲಿಲ್ಲ. ಹಾಗೆಯೇ ದಾಟಲೂ ಇಲ್ಲ. ಅದನ್ನೂ ನೀವು ಒಪ್ಪುತ್ತೀರಲ್ಲ?”

ಒಪ್ಪಲೇಬೇಕಾಗಿತ್ತು. ದಾಟಿರಲಿಲ್ಲ.

“ಅಂದಮೇಲೆ ಇದು ಇನ್ನೂ ಮುಗಿದಿಲ್ಲ. ಎತ್ತಿದವರು ಮುಗಿಸುವ ಹಾಗಿಲ್ಲ. ಅವರ ವಾರಸುದಾರರು ಮುಗಿಸಲಿ.” ಗೇಟಿನ ಕಡೆ ತಿರುಗಿದರು. “ಮಗು, ಬಾ ಇಲ್ಲಿ. ಕುರ್ಚಿ ತಗೋ. ಒಳಗಾದರೂ ಇಡು, ಹೊರಗಾದರೂ ಇಡು. ನಮ್ಮ ಬಲವಂತ ಏನಿಲ್ಲ. ಈ ಸಂಸ್ಥೆಯಲ್ಲಿ ಬರುವುದೂ ಹೋಗುವುದೂ ಅವರವರ ಇಚ್ಛೆ.”

ಇಂದುಮತಿ ಮಜ್ಜಿಗೆಯ ತಂಬಿಗೆಯನ್ನು ಬೇಲಿಯ ಪಕ್ಕ ಇಟ್ಟು ಒಳಗೆ ಬಂದಳು. ಆಗ ಕುರ್ಚಿ ಮತ್ತೆ ಮೌಲಾಲಿಯ ಕೈಗೆ ಬಂದಿತ್ತು. ಅವನು ಎರಡೂ ಕೈಯಲ್ಲಿ ಅದನ್ನು ಅವಳಿಗೆ ಕೊಟ್ಟ. ಅವಳು ಭಾರವಿರುತ್ತದೆಂದು ಕಾಲು ಅಗಲಿಸಿ, ಸೊಂಟ ಗಟ್ಟಿ ಮಾಡಿಕೊಂಡು ತೆಗೆದುಕೊಂಡಳು. ಕುರ್ಚಿ ಒಮ್ಮೆಲೇ ಅವಳ ಗಲ್ಲದವರೆಗೆ ಎದ್ದು ಬಂತು.

“ಇಷ್ಟೇನಾ?” ಎಂದಳು.

ಅವಳು ಕುರ್ಚಿಯನ್ನು ಕೈಯಲ್ಲಿ ಹಿಡಿದು ಅಮ್ಮ ಬಿದ್ದ ಜಾಗದ ಹತ್ತಿರ ಬಂದು ನಿಂತಳು. ಮಣ್ಣಿನಲ್ಲಿ ಒತ್ತಿದ ಹಿಮ್ಮಡಿಯ ಗುರುತು ಇನ್ನೂ ಇತ್ತು. ನನ್ನ ಕಡೆ ತಿರುಗಿದಳು.

“ಅಮ್ಮ ನಿಮ್ಮ ಆಫೀಸಿಗೆ ಬಂದಿದ್ರಲ್ಲ ಸರ್. ಏನಂದ್ರು?”

“ನೀನು ಇದರಲ್ಲಿ ಕೂರಬಾರದು, ಅದಕ್ಕೇ ಎತ್ತುತ್ತೀನಿ ಅಂದರು. ಬದುಕೋದಕ್ಕೆ ಅಂತಲೇ ಅಲ್ಲ ಅಂದರು.”

ಅವಳು ತಲೆಯಾಡಿಸಿದಳು. ಅವಳಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ ಎಂದು ನನಗನ್ನಿಸಿತು. ರೇವಣ್ಣ ಪೋರ್ಟಿಕೋದಿಂದ ಇಳಿದು ಬರುತ್ತಿದ್ದ. ಕೊನೆಯ ಮೆಟ್ಟಿಲು ಕಾಣದೆ ಕಾಲು ತಡವರಿಸಿದ. ಯಾರೋ ರೆಟ್ಟೆ ಹಿಡಿದು ಇಳಿಸಿದರು. ಇಂದುಮತಿ ಅದನ್ನು ನೋಡಿದಳು. ಆಮೇಲೆ ಗೇಟಿನ ಕಡೆ ನಡೆದಳು.

ನಾನು ಕಂಬದ ಪಕ್ಕ ನನ್ನ ಜಾಗಕ್ಕೆ ಹೋಗಿ ನಿಂತು ಕುರ್ಚಿಯ ಕಾಲುಗಳನ್ನು ನೋಡಿದೆ. ಅವು ನೆಟ್ಟಗೆ, ಸಲೀಸಾಗಿ ಬಂದವು. ಮುಂದಿನ ಎರಡು ಕಾಲು ಕಲ್ಲಿನ ಮೇಲೆ ಗಾಳಿಯಲ್ಲಿ ನಿಂತವು. ಆಚೆ ಸೋಡಾ ಮಾರುವ ಮೇಷ್ಟರು “ಇಟ್ಬಿಡಮ್ಮ, ಇಟ್ಬಿಡು,” ಎಂದು ಮೆಲ್ಲಗೆ ಹೇಳುತ್ತಿದ್ದುದು ಕೇಳಿತು. ಹೊರಗಿನವರಾದ್ದರಿಂದ ಅವರು ಮಾತಾಡಬಹುದಿತ್ತು. ಕಾಲುಗಳು ಅಲ್ಲೇ ಇದ್ದವು. ಅವಳ ಚಪ್ಪಲಿಯ ಒಂದು ಬಾರು ಹರಿದು ಪಿನ್ನು ಹಾಕಿದ್ದಳು. ಅದನ್ನು ನೋಡುವಷ್ಟು ಸಮಯವಿತ್ತು. ಆಮೇಲೆ ಕುರ್ಚಿಯ ಕಾಲುಗಳು ತಿರುಗಿದವು.

ಅವಳು ಕುರ್ಚಿಯನ್ನು ಕಲ್ಲಿನ ಈಚೆ ಇಟ್ಟಳು. ನಾಲ್ಕೂ ಕಾಲು ಒಟ್ಟಿಗೆ ತಾಗಿದವು. ಸದ್ದಾಗಲಿಲ್ಲ. ಸೇರುವವರು ಒಮ್ಮೆ ಕೂರಲೇಬೇಕು ಎಂದು ಶ್ರೀಕಂಠಪ್ಪ ನೆನಪಿಸಿದರು. ಅವಳು ಕೂತಳು. ಬೆನ್ನು ಪಟ್ಟಿಗೆ ತಾಗಿಸದೆ, ಹಲಗೆಯ ತುದಿಯಲ್ಲಿ ಕೂತು, ಕೂಡಲೇ ಎದ್ದಳು. “ಸಂತೋಷ,” ಎಂದರು ಅವರು. ನಿಜವಾಗಿಯೂ ಸಂತೋಷವಾದ ಹಾಗೆಯೇ ಹೇಳಿದರು. ರೇವಣ್ಣ ಹೆಂಡತಿ ಬಿದ್ದಿದ್ದ ಜಾಗದಲ್ಲಿ ನಿಂತು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವನು ಬಯಸಿದ್ದು ಅವನಿಗೆ ಸಿಕ್ಕಿತ್ತು.

ನಮ್ಮ ಸಂಪಾದಕ ನರಹರಿಯವರು ಸಂಜೆ ನನ್ನ ವರದಿ ಓದಿ, “ತಾಗಿತೋ ಇಲ್ಲವೋ? ಎರಡರಲ್ಲಿ ಒಂದು ಬರಿ. ಓದುವವರಿಗೆ ಗೊಂದಲ ಆಗುತ್ತೆ,” ಎಂದರು. ಕಾಲೇಜಿನವರು ನೌಕರಿಯಲ್ಲಿದ್ದಾಗಲೇ ನಿಧನ ಎಂದು ಪ್ರಕಟಣೆ ಕಳಿಸಿದ್ದರು. ಕಮಲಾಕ್ಷಿಯವರ ಕೈಯಲ್ಲಿದ್ದಾಗ ಕುರ್ಚಿ ನೆಲಕ್ಕೆ ತಾಗಲಿಲ್ಲ, ಮಗಳ ಕೈಯಿಂದ ತಾಗಿತು ಎಂದು ನಾನು ಬರೆದಿದ್ದೆ. ಅದರಲ್ಲಿ ಯಾವುದನ್ನು ತೆಗೆದರೂ ಸುಳ್ಳಾಗುತ್ತದೆ ಎಂದೆ. ಅವರು ಕನ್ನಡಕ ತೆಗೆದಿಟ್ಟು, ಹಾಗೇ ಅಚ್ಚಿಗೆ ಕಳಿಸಿದರು. ಮೂರನೇ ಪುಟದಲ್ಲಿ ಬಂತು. ಯಾರೂ ಆಕ್ಷೇಪಿಸಲಿಲ್ಲ. ಹೊಗಳಲೂ ಇಲ್ಲ.

ಮಳೆಗಾಲ ಕಳೆದ ಮೇಲೆ ವಿಜ್ಞಾನ ಪ್ರದರ್ಶನದ ಸುದ್ದಿಗೆಂದು ಕಾಲೇಜಿಗೆ ಹೋದಾಗ ಪ್ರಯೋಗಶಾಲೆಗೂ ಹೋದೆ. ಕಿಟಕಿಯ ಮೊಳೆಗಳು ಹಾಗೇ ಇದ್ದವು. ಫ್ಯಾನು ಇದ್ದ ಜಾಗದಲ್ಲಿ ರಟ್ಟು ಬಡಿದಿದ್ದರು. ಒಳಗೆ ಹೋದ ಕೂಡಲೇ ಗಂಟಲು ಕೆರೆಯಿತು. ಇಂದುಮತಿ ಹುಡುಗರಿಗೆ ಗಾಜಿನ ನಳಿಗೆ ಹಿಡಿಯುವುದನ್ನು ತೋರಿಸುತ್ತಿದ್ದಳು. ಕುರ್ಚಿ ಮೂಲೆಯಲ್ಲಿತ್ತು, ಹಲಗೆಯ ಮೇಲೆ ಧೂಳು. ಸೇರಿದ ದಿನ ಬಿಟ್ಟರೆ ಅವಳು ಒಮ್ಮೆಯೂ ಕೂತಿಲ್ಲ ಎಂದು ಮೌಲಾಲಿ ಬಾಗಿಲಲ್ಲೇ ನನಗೆ ಹೇಳಿದ್ದ. ಹುಡುಗರು ಅವಳಿಗೂ ಕಂಬ ಮೇಡಂ ಎಂದೇ ಹೆಸರಿಟ್ಟಿದ್ದಾರಂತೆ. ಹಳೆಯ ಹೆಸರು ಅವರಿಗೆ ಹೇಗೆ ಗೊತ್ತಾಯಿತೋ ಅವನಿಗೆ ತಿಳಿಯದು. ಪ್ರಿನ್ಸಿಪಾಲರು ದಿನಾ ಒಂದು ಸುತ್ತು ಬಂದು ನೋಡಿಕೊಂಡು ಹೋಗುತ್ತಾರಂತೆ.

“ಕೂತ್ಕೊಳ್ಳಿ ಸರ್,” ಎಂದಳು, ಕುರ್ಚಿಯ ಧೂಳು ಹೊಡೆದು ನನ್ನ ಕಡೆ ಸರಿಸಿ. “ನಿಮಗೇನೂ ಆಗಲ್ಲ.”

“ಬೇಡಮ್ಮ. ನಿಂತೇ ಇರ್ತೀನಿ.”

“ಅಪ್ಪ ನಿಮ್ಮ ಗಡಿಯಾರ ಕೇಳ್ತಾ ಇದ್ರು. ಸರಿ ನಡೀತಾ ಇದೆಯಾ ಅಂತ.”

“ನಡೀತಾ ಇದೆ ಅಂತ ಹೇಳು.”

ಅವಳು ಇನ್ನೇನೋ ಹೇಳಲು ಹೋದಳು. ಕೆಮ್ಮು ಬಂತು. ಮೊದಲು ಸಣ್ಣದಾಗಿ, ಆಮೇಲೆ ಬಿಡದೆ. ಒಂದು ಕೈ ಬಾಯಿಗೆ ಹೋಯಿತು. ಇನ್ನೊಂದು ಕೈ ಕುರ್ಚಿಯ ಬೆನ್ನನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಹುಡುಗರು ಕೆಲಸ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಕೆಮ್ಮು ನಿಲ್ಲುವವರೆಗೂ ನಾನು ಕುರ್ಚಿಯ ಕಾಲುಗಳನ್ನೇ ನೋಡುತ್ತಿದ್ದೆ.